ಪರದೇಶದ ವಿದ್ಯೆ: ಲಾಭವೇನು, ಖರ್ಚೇನು?



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಮನೆಗಳಲ್ಲಿ ಮಗನೋ ಮಗಳೋ ಪದವಿ ಮುಗಿಸಿದರೆಂದರೆ ಪರದೇಶದ ಮಾತು ಹೊರಡುತ್ತದೆ. ಹಿರಿಯರು ಮೊದಲು ಕೇಳುವುದು ಅಲ್ಲಿಯ ಪಗಾರ ಎಷ್ಟು ಎಂದು. ಕಲಿಕೆ ಎಂಥದು ಎಂಬುದನ್ನೂ ಕೇಳಬೇಕು.

ಗೋಕಾಕ ತಾಲೂಕಿನವರಾದ ಡಾ. ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ಗಣಿತ ಕಲಿತು ರ‍್ಯಾಂಗ್ಲರ್ ಆಗಿ ಮರಳಿದರು. 1954ರಿಂದ 1967ರ ವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ಅದನ್ನು ಬೆಳೆಸಿದರು. ಕಡಲು ದಾಟದ ಸಾವಿರಾರು ಮಕ್ಕಳಿಗೆ ಆ ವಿದ್ಯೆಯ ಫಲ ಮುಟ್ಟಿತು.

ಒಕ್ಕಲುತನದವರಿಗೆ ಜರ್ಮನಿಯ ಹೋಹೆನ್‌ಹೈಮ್ ಇನ್ನೂ ಹತ್ತಿರವೆನಿಸೀತು. 1815ರಲ್ಲಿ ಇಂಡೋನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು, ಹೊಗೆ ಬಿಸಿಲನ್ನೇ ತಡೆದು 1816ರಲ್ಲಿ ಯುರೋಪಿಗೆ ಬೇಸಿಗೆ ಬರಲಿಲ್ಲ, ಬೆಳೆ ಕೈಕೊಟ್ಟು ಜನ ಹಸಿದರು. ಆ ಹಸಿವು ಕಂಡ ಅರಸು 1818ರಲ್ಲಿ ಅಲ್ಲಿ ತೆರೆದ ಕೃಷಿಶಾಲೆಯೇ ಇಂದಿನ ವಿಶ್ವವಿದ್ಯಾಲಯ. ಬಿಸಿಲ ನಾಡುಗಳ ಬೇಸಾಯವನ್ನು ಅಲ್ಲಿ ಇಂಗ್ಲಿಷಿನಲ್ಲೇ ಕಲಿಸುತ್ತಾರೆ. ಮಳೆ ನೆಚ್ಚಿದ ನಮ್ಮ ಸೀಮೆಯ ಹುಡುಗ ಆಫ್ರಿಕದ ರೈತರ ಮಕ್ಕಳ ಜೊತೆ ಕೂತು ಮಣ್ಣು, ನೀರಿನ ವಿಚಾರ ಮಾಡುವುದು ಸಣ್ಣ ಲಾಭವಲ್ಲ. ಅಲ್ಲಿ ಗುರುವಿಗೆ ಎದುರು ಪ್ರಶ್ನೆ ಹಾಕಿದರೆ ಉದ್ಧಟತನವೆನ್ನುವುದಿಲ್ಲ, ಸುಮ್ಮನೆ ಬರೆದುಕೊಳ್ಳುವವನೇ ಹಿಂದುಳಿಯುತ್ತಾನೆ. ಅಡಿಗೆ, ಬಟ್ಟೆ, ಜಮಾಖರ್ಚು ಎಲ್ಲ ಸ್ವಂತ ಕೈಯಿಂದಲೇ. ತಾಯಂದಿರು ಹೆದರಬೇಕಿಲ್ಲ, ಹಸಿವೇ ರೊಟ್ಟಿ ಬಡಿಯುವುದನ್ನು ಕಲಿಸುತ್ತದೆ!

ಇನ್ನು ಹಣ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಹೋಹೆನ್‌ಹೈಮ್ ಇರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ ನಮ್ಮಂಥ ಹೊರದೇಶದವರಿಗೆ 2017ರಿಂದ ಸೆಮಿಸ್ಟರಿಗೆ 1500 ಯುರೋ ವಿಧಿಸತೊಡಗಿತು. ವೀಸಾಕ್ಕಾಗಿ ಒಂದು ವರ್ಷದ ಜೀವನಖರ್ಚನ್ನು ಮುಂಗಡವಾಗಿ ಖಾತೆಯಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರದಲ್ಲಿ ಅದು 11,904 ಯುರೋ ಆಯಿತು. ಈ ಹಣ ಯಾರಿಗೋ ಕಟ್ಟುವ ಫೀ ಅಲ್ಲ. ವಿದ್ಯಾರ್ಥಿಯ ಹೆಸರಿನಲ್ಲೇ ಇದ್ದು ತಿಂಗಳು ತಿಂಗಳು ಅವನ ಕೈಗೆ ಬರುತ್ತದೆ. ಇದನ್ನೇ ‘ಸೀಟಿನ ಹಣ’ವೆಂದು ಹೇಳಿ ಕೇಳುವ ದಲ್ಲಾಳಿ ಬಂದರೆ ಹೊಲ ಒತ್ತೆ ಇಡುವ ಮೊದಲು ವಿಶ್ವವಿದ್ಯಾಲಯಕ್ಕೇ ನೇರ ಪತ್ರ ಬರೆದು ಕೇಳಿರಿ.

ಪಾಠ ಇಂಗ್ಲಿಷಿನಲ್ಲಿದ್ದರೂ ಅಂಗಡಿ, ದವಾಖಾನೆ, ಬಿಡುವಿನ ಕೆಲಸಕ್ಕೆ ಜರ್ಮನ್ ಬೇಕೇ ಬೇಕು. ಪುಣೆ, ಬೆಂಗಳೂರುಗಳ ಮ್ಯಾಕ್ಸ್ ಮುಲ್ಲರ್ ಭವನಗಳಲ್ಲಿ ಅದನ್ನು ಕಲಿಸುತ್ತಾರೆ. ಪದವಿಯ ಎರಡನೆಯ ವರ್ಷದಲ್ಲೇ ಸೇರಿಸಿದರೆ ಅನುಕೂಲ.