ಗ್ಯಾರಂಟಿಯೋ ಸ್ವಾವಲಂಬನೆಯೋ: ಪಕ್ಷ ರಾಜಕಾರಣದ ಚರ್ಚೆ (ಕೆಎಎಸ್, ಪಿಡಿಒ, ಎಫ್‌ಡಿಎ ಟಿಪ್ಪಣಿ)

1. ಐದು ಗ್ಯಾರಂಟಿ (ಕಾಂಗ್ರೆಸ್, 2023):
• ಶಕ್ತಿ: ಚಾಲನೆ 11 ಜೂನ್ 2023. ಕೊಪ್ಪಳ ಜಿಲ್ಲೆಯ ಸಿದ್ದಾಪುರದಲ್ಲಿ ಗಂಗಾವತಿ ಬಸ್ ಹತ್ತುವ ಮಹಿಳೆಗೆ ಕಂಡಕ್ಟರ್ ಕೊಡುವುದು ಶೂನ್ಯ ದರದ ಟಿಕೆಟ್. ಆ ಹಣವನ್ನು ಸಾರಿಗೆ ನಿಗಮಕ್ಕೆ ಸರ್ಕಾರ ಭರಿಸುತ್ತದೆ. ಈ ಜಿಲ್ಲೆಗೆ ಅದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ.
• ಗೃಹಜ್ಯೋತಿ: 200 ಯೂನಿಟ್‌ವರೆಗೆ ಉಚಿತ ವಿದ್ಯುತ್.
• ಗೃಹಲಕ್ಷ್ಮಿ: ಮನೆಯ ಯಜಮಾನಿಗೆ ತಿಂಗಳಿಗೆ ₹2,000. ಚಾಲನೆ: ಮೈಸೂರು, 30 ಆಗಸ್ಟ್ 2023.
• ಅನ್ನಭಾಗ್ಯ: ಹೆಚ್ಚುವರಿ 5 ಕೆ.ಜಿ. ಅಕ್ಕಿ. ಮೊದಲು ಅಕ್ಕಿ ಬದಲು ಕೆ.ಜಿ.ಗೆ ₹34.
• ಯುವನಿಧಿ: ನಿರುದ್ಯೋಗಿಗಳಿಗೆ ತಿಂಗಳಿಗೆ, ಪದವಿ ₹3,000, ಡಿಪ್ಲೊಮಾ ₹1,500. ಗರಿಷ್ಠ 2 ವರ್ಷ.

2. ವಿರೋಧದ ವಾದ: ದುಡಿಮೆಯ ಹಂಬಲ ಕುಗ್ಗುತ್ತದೆ, ಬೊಕ್ಕಸಕ್ಕೆ ಹೊರೆ. ‘ರೇವಡಿ (ಪುಕ್ಕಟೆ ಕೊಡುಗೆ) ಸಂಸ್ಕೃತಿ’: ಪ್ರಧಾನಿ ಮೋದಿ ಅವರ ಮಾತು, ಜುಲೈ 2022.

3. ಗೊಂದಲ ಬೇಡ: ನೆರವು ಒಂದೇ ಪಕ್ಷದ ಸೊತ್ತಲ್ಲ. ಮೋದಿ ಸರ್ಕಾರದ ಪಿಎಂ–ಕಿಸಾನ್ (2019) ರೈತರಿಗೆ ವರ್ಷಕ್ಕೆ ₹6,000. ಭಾಗ್ಯಲಕ್ಷ್ಮಿ (2006–07) ಷರತ್ತಿನ ನೆರವು: ಹುಡುಗಿ ಶಾಲೆ ಬಿಡಬಾರದು, 18ಕ್ಕೆ ಮೊದಲು ಮದುವೆ ಕೂಡದು. ಗೃಹಲಕ್ಷ್ಮಿಗೆ ಇಂಥ ನಡವಳಿಕೆಯ ಷರತ್ತಿಲ್ಲ, ಅರ್ಹತೆಯ ಮಿತಿಯಷ್ಟೇ (ಆದಾಯ ತೆರಿಗೆದಾರರು ಹೊರಗೆ). ಪ್ರಬಂಧ ಪತ್ರಿಕೆಯಲ್ಲಿ ಅಂಕ ತರುವುದು ಈ ವ್ಯತ್ಯಾಸವೇ.

4. ಸಂವಿಧಾನ: ವಿಧಿ 38, 41, 47. ವಿಧಿ 41ರಲ್ಲೇ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಷರತ್ತಿದೆ. ಎರಡೂ ಬಣ ಇದನ್ನು ಪೂರ್ತಿ ಓದಬೇಕು.

5. ತೀರ್ಪು: ಸುಬ್ರಮಣಿಯಂ ಬಾಲಾಜಿ ಪ್ರಕರಣ, 2013. ಪ್ರಣಾಳಿಕೆಯ ಭರವಸೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಕಲಂ 123ರಡಿ ಭ್ರಷ್ಟ ಆಚರಣೆಯಲ್ಲ.