ಗಣೆಯ ಉಸಿರು ಕೇಳಬೇಕು: ಬಸ್, ಆಕ್ಸ್ ಜೋಡಣೆಯ ಏಳು ಪಾಠಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮಳೆಗೆ ಬರ ಬಂದರೂ ಹಾಡಿಗೆ ಬರ ಬಂದಿಲ್ಲ. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯ, ಮದುವೆ ಮನೆಗಳಲ್ಲಿ ಸೋಬಾನೆ, ಜಾತ್ರೆಗಳಲ್ಲಿ ಉರುಮೆ, ತಮಟೆ. ಒಂದು ಲ್ಯಾಪ್‌ಟಾಪ್, ಒಂದು ಆಡಿಯೊ ಇಂಟರ್‌ಫೇಸ್, ನಾಲ್ಕು ಮೈಕ್ ಇದ್ದರೆ ಇವನ್ನೆಲ್ಲ ಊರಲ್ಲೇ ರೆಕಾರ್ಡ್ ಮಾಡಬಹುದು. ಆದರೆ ರೆಕಾರ್ಡ್ ಚೆನ್ನಾಗಿದ್ದೂ ಮಿಕ್ಸ್‌ನಲ್ಲಿ ಬಿದಿರ ಕೊಳಲಾದ ಗಣೆ ಹೂತುಹೋಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ದುಬಾರಿ ಪ್ಲಗಿನ್ ಇದನ್ನು ಸರಿಮಾಡುವುದಿಲ್ಲ. ದನಿ ಯಾವ ದಾರಿಯಲ್ಲಿ ಹರಿದು ಮಾಸ್ಟರ್ ಸೇರುತ್ತದೆ ಎಂಬುದನ್ನು ಸರಿಮಾಡಬೇಕು.

1. ಮೊದಲು ಮೇಳ ನೋಡಿ, ಆಮೇಲೆ ಬಸ್ ಮಾಡಿ. ನನ್ನ ಬಳಿ ಬರುವ ಹಾಡುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪು: ಮುಂದೆ ಹಾಡುವವರು, ಸೊಲ್ಲು ಹಿಡಿಯುವ ಹಿಮ್ಮೇಳದವರು, ಗಣೆ, ಚರ್ಮವಾದ್ಯ. ಒಂದು ಗುಂಪಿನ ಟ್ರ್ಯಾಕುಗಳೆಲ್ಲ ಕೂಡಿ ಹರಿಯುವ ದಾರಿಯೇ ಬಸ್. ಟ್ರ್ಯಾಕ್ ಎಷ್ಟೇ ಇರಲಿ, ಬಸ್ ನಾಲ್ಕೇ. ರೀಪರ್‌ನಲ್ಲಿ ಫೋಲ್ಡರ್ ಟ್ರ್ಯಾಕೇ ಬಸ್ ಆಗುತ್ತದೆ; ಕ್ಯೂಬೇಸ್‌ನಲ್ಲಿ ಅದಕ್ಕೆ ಗ್ರೂಪ್ ಚಾನೆಲ್; ಲಾಜಿಕ್‌ನಲ್ಲಿ ಬಸ್ ಮೂಲಕ ಬಂದ ದನಿ ಆಕ್ಸ್ ಚಾನೆಲ್‌ಗೆ ಇಳಿಯುತ್ತದೆ. ಹೆಸರು ಬೇರೆ, ಕೆಲಸ ಒಂದೇ. ಪ್ಲಗಿನ್ ಮುಟ್ಟುವ ಮುಂಚೆ ಯಾವ ಟ್ರ್ಯಾಕ್ ಯಾವ ಬಸ್‌ಗೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ.

2. ಒಂದು ದನಿಗೆ ಎರಡು ದಾರಿ ಇರಬಾರದು. ಫೋಲ್ಡರ್ ಬಳಸದೆ ಟ್ರ್ಯಾಕನ್ನು ಸೆಂಡ್ ಮೂಲಕ ಬಸ್‌ಗೆ ಕಳಿಸಿ, ಅದರ ಮಾಸ್ಟರ್ ಸೆಂಡ್ ಹಾಗೇ ಬಿಟ್ಟರೆ ಒಂದೇ ದನಿ ಎರಡು ಸಲ ಕೂಡುತ್ತದೆ. ಎರಡೂ ಸಮನಾಗಿದ್ದರೆ 6 ಡೆಸಿಬಲ್ ಹೆಚ್ಚಾಗುತ್ತದೆ. ಪರೀಕ್ಷೆ ಸುಲಭ: ಚರ್ಮವಾದ್ಯದ ಬಸ್ ಮ್ಯೂಟ್ ಮಾಡಿ, ರಿವರ್ಬನ್ನೂ ಮ್ಯೂಟ್ ಮಾಡಿ. ಆಮೇಲೂ ತಮಟೆ ಕೇಳಿಸಿದರೆ ಎಲ್ಲೋ ಸೋರುತ್ತಿದೆ. ನಾಲ್ಕೂ ಬಸ್‌ಗಳಿಗೆ ಇದನ್ನು ಮಾಡದೆ ನಾನು ಮುಂದಕ್ಕೆ ಹೋಗುವುದಿಲ್ಲ.

3. ರಿವರ್ಬ್ ಒಂದೇ ಇರಲಿ, ಎಲ್ಲರೂ ಹಂಚಿಕೊಳ್ಳಲಿ. ಪ್ರತಿ ಟ್ರ್ಯಾಕಿಗೂ ಒಂದೊಂದು ರಿವರ್ಬ್ ಹಾಕಿದರೆ ಹಳೆಯ ಲ್ಯಾಪ್‌ಟಾಪ್ ತಡವರಿಸುತ್ತದೆ. ಹಾಡುಗಾರರೂ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಕೂತಂತೆ ಕೇಳಿಸುತ್ತದೆ. ಸೆಂಡ್ ಮೂಲಕ ದನಿಯ ಪ್ರತಿ ಬಂದು ಸೇರುವ ಒಂದು ಚಾನೆಲ್, ಅಂದರೆ ಒಂದು ಆಕ್ಸ್ ಮಾಡಿ, ರಿವರ್ಬ್‌ನ ಡ್ರೈ ಸೊನ್ನೆಗೆ ಇಳಿಸಿ, ವೆಟ್ ಪೂರ್ತಿ ಇಡಿ. ಜುಂಜಪ್ಪನ ಕಾವ್ಯ ಹಟ್ಟಿಯ ಬಯಲಲ್ಲಿ ಬೆಳೆದದ್ದು. ಅದಕ್ಕೆ ದೊಡ್ಡ ಸಭಾಂಗಣದ ಗುಂಗು ಒಪ್ಪುವುದಿಲ್ಲ. ನಾನು ಗುಂಗಿನ ಅವಧಿಯನ್ನು ಒಂದು ಸೆಕೆಂಡಿಗಿಂತ ಕಡಿಮೆ ಇಟ್ಟು, 250 ಹರ್ಟ್ಜ್‌ಗಿಂತ ಕೆಳಗಿನದನ್ನು ಆ ಆಕ್ಸ್‌ನಲ್ಲೇ ಕತ್ತರಿಸುತ್ತೇನೆ. ಗಣೆ ಉದ್ದನೆಯ ಬಿದಿರ ಕೊಳಲು. ಅದರ ಸ್ವರದ ಜೊತೆ ಊದುವವರ ಉಸಿರೂ ಬರುತ್ತದೆ, ಆ ಉಸಿರೇ ಅದರ ಗುರುತು. ರಿವರ್ಬ್ ಹೆಚ್ಚಾದರೆ ಮೊದಲು ಅಳಿಸಿಹೋಗುವುದು ಅದೇ.

4. ಸೆಂಡ್ ಎಲ್ಲಿಂದ ಹೊರಡುತ್ತದೆ ಎಂಬುದು ಮುಖ್ಯ. ಇದು ಬಹಳ ಜನಕ್ಕೆ ಕಾಣದ ತೊಡಕು. ಹಿಮ್ಮೇಳದ ಒಂದೊಂದು ಟ್ರ್ಯಾಕಿನಿಂದಲೂ ರಿವರ್ಬ್‌ಗೆ ಸೆಂಡ್ ಕೊಟ್ಟು, ಆಮೇಲೆ ಹಿಮ್ಮೇಳದ ಬಸ್ ಇಳಿಸಿದಿರಿ ಅನ್ನಿ. ನೇರ ದನಿ ಇಳಿಯುತ್ತದೆ, ರಿವರ್ಬ್‌ಗೆ ಹೋಗುವುದು ಅಷ್ಟೇ ಇರುತ್ತದೆ. ಸೊಲ್ಲು ಹಿಡಿದವರು ಮೆಲ್ಲಗೆ ಹಾಡುವುದರ ಬದಲು ದೂರ ನಡೆದುಹೋದಂತೆ ಕೇಳಿಸುತ್ತದೆ. ಆದ್ದರಿಂದ ಸೆಂಡನ್ನು ಬಸ್‌ನಿಂದಲೇ ಕೊಡಿ, ಪೋಸ್ಟ್-ಫೇಡರ್ ಇಡಿ. ಬಸ್ ಇಳಿದರೆ ರಿವರ್ಬೂ ಜೊತೆಗೇ ಇಳಿಯುತ್ತದೆ.

5. ಹೆಡ್‌ಫೋನ್‌ಗೆ ಪ್ರೀ-ಫೇಡರ್. ಹಾಡುಗಾರರಿಗೆ ಕೇಳಿಸುವ ಮಿಕ್ಸ್ ಬೇರೆ ಆಕ್ಸ್‌ನಲ್ಲಿರಲಿ. ಪ್ರೀ-ಫೇಡರ್ ಸೆಂಡ್ ಆದರೆ ನೀವು ಈಚೆ ಫೇಡರ್ ಆಡಿಸಿದರೂ ಅವರ ಕಿವಿಯಲ್ಲಿ ಏನೂ ಬದಲಾಗುವುದಿಲ್ಲ. ಹೆಡ್‌ಫೋನ್ ಹಾಕಿ ಅಭ್ಯಾಸವಿಲ್ಲದ ಹಿರಿಯರಿಗೆ ನಡುವೆ ದನಿ ಏರಿಳಿದರೆ ಶ್ರುತಿಯೂ ಹೋಗುತ್ತದೆ, ಮನಸ್ಸೂ ಹೋಗುತ್ತದೆ. ಒಂದು ಕಿವಿ ತೆರೆದಿಟ್ಟು ಹಾಡಲು ಹೇಳಿ.

6. ಉರುಮೆಗೆ ದಾರಿ ಬಿಡುವುದನ್ನು ಕಲಿಸಿ. ಉರುಮೆಯ ಒಂದು ಮುಖವನ್ನು ಬಡಿಯುತ್ತಾರೆ, ಇನ್ನೊಂದನ್ನು ಕೋಲಿನಿಂದ ಉಜ್ಜುತ್ತಾರೆ. ಆ ಉಜ್ಜುವ ಗೂಂಕಾರ ಗಂಡು ದನಿಯ ಮೇಲೇ ಬಂದು ಕೂರುತ್ತದೆ. ಚರ್ಮವಾದ್ಯದ ಬಸ್‌ಗೆ ಕಂಪ್ರೆಸರ್ ಹಾಕಿ, ಅದರ ಸೈಡ್‌ಚೈನ್‌ಗೆ ಮುಂದೆ ಹಾಡುವವರ ಬಸ್‌ನಿಂದ ಸೆಂಡ್ ಕೊಡಿ. ಮಾತು ಬಂದಾಗ ವಾದ್ಯ 2–3 ಡೆಸಿಬಲ್ ತಗ್ಗಲಿ, ಸಾಲು ಮುಗಿದೊಡನೆ ಏಳಲಿ. ಅದಕ್ಕಿಂತ ಹೆಚ್ಚು ತಗ್ಗಿಸಿದರೆ ಜಾತ್ರೆಯ ಕಸುವೇ ಹೋಗುತ್ತದೆ.

7. ಒಣ ದನಿಯನ್ನು ಕಾಪಾಡಿ, ಬಸ್ಸುಗಳನ್ನು ಬೇರೆ ಬೇರೆ ತೆಗೆದಿಡಿ. ಯಾವ ಎಫೆಕ್ಟೂ ಇಲ್ಲದ ಮೂಲ ಟ್ರ್ಯಾಕುಗಳನ್ನು 24 ಬಿಟ್ ವೇವ್ ಫೈಲಾಗಿ ಎರಡು ಕಡೆ ಇಡಿ. ಈ ಹಾಡುಗಳು ಬಾಯಿಂದ ಬಾಯಿಗೆ ಬಂದವು. ನಾಳೆ ಅಧ್ಯಯನ ಮಾಡುವವರಿಗೆ ನಮ್ಮ ರಿವರ್ಬ್ ಬೇಡ, ಹಾಡಿದವರ ದನಿ ಬೇಕು. ಜೊತೆಗೆ ನಾಲ್ಕು ಬಸ್ಸುಗಳನ್ನೂ ರಿವರ್ಬನ್ನೂ ಬೇರೆ ಬೇರೆ ಫೈಲಾಗಿ ತೆಗೆದಿಡಿ.

ಕೊನೆಗೆ, ಮಾಸ್ಟರ್ ಮುಗಿಸುವ ಮುಂಚೆ ಮೇಳದವರನ್ನು ಪರದೆಯ ಮುಂದೆ ಕೂರಿಸಿ. ಹತ್ತಾರು ಟ್ರ್ಯಾಕ್ ತೋರಿಸಿದರೆ ಅವರು ಸುಮ್ಮನಾಗುತ್ತಾರೆ. ನಾಲ್ಕು ಬಸ್, ಒಂದು ರಿವರ್ಬ್, ಐದೇ ಫೇಡರ್ ತೋರಿಸಿದರೆ ಗಣೆ ಊದುವ ಹಿರಿಯರು ನೇರವಾಗಿ ಬೆರಳಿಟ್ಟು, "ಇದನ್ನ ಇನ್ನೊಂಚೂರು ಎತ್ತಪ್ಪ" ಅನ್ನುತ್ತಾರೆ. ಆ ಮಾತನ್ನು ಕೇಳಿ, ಎತ್ತಿ. ಆ ಹಾಡು ಹೇಗಿರಬೇಕು ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.