ಅಂಡಾಣುವೇಕೆ ಹಿರಿದು, ವೀರ್ಯಾಣುವೇಕೆ ಕಿರಿದು?

ಕಡಲಕುದುರೆಯೆಂಬ ಪುಟ್ಟ ಮೀನಿನಲ್ಲಿ ಬಸಿರು ಹೊರುವುದು ಗಂಡು. ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲದಲ್ಲಿಡುತ್ತದೆ. ಮರಿಗಳು ಹೊರಬರುವುದೂ ಅಲ್ಲಿಂದಲೇ. ಆದರೂ ಪ್ರಾಣಿಶಾಸ್ತ್ರಜ್ಞರು ಅದನ್ನು ಗಂಡೆಂದೇ ಕರೆಯುತ್ತಾರೆ. ಅವರ ಅಳತೆಗೋಲು ಒಂದೇ: ಸಂತಾನಕ್ಕಾಗಿ ಕೂಡುವ ಕೋಶ, ಎಂದರೆ ಲಿಂಗಾಣು, ಯಾವುದರದು ಕಿರಿದೋ ಅದು ಗಂಡು, ಯಾವುದರದು ಹಿರಿದೋ ಅದು ಹೆಣ್ಣು. ಮಾನವರ ಅಂಡಾಣುವಿನ ವ್ಯಾಸ ಸುಮಾರು 0.1 ಮಿಲಿಮೀಟರು, ಬರಿಗಣ್ಣಿಗೂ ಚುಕ್ಕೆಯಂತೆ ತೋರೀತು. ವೀರ್ಯಾಣುವಿನ ತಲೆಯ ಉದ್ದವಾದರೋ 0.005 ಮಿಲಿಮೀಟರು. ಘನಗಾತ್ರದಲ್ಲಿ ಅಂತರವು ಹತ್ತು ಸಾವಿರ ಪಟ್ಟಿಗೂ ಮಿಗಿಲು. ಜೀನುಗಳನ್ನು ತಂದೆತಾಯಿಗಳಿಬ್ಬರೂ ಹೆಚ್ಚುಕಡಮೆ ಸಮನಾಗಿ ನೀಡುವಾಗ, ಗಾತ್ರದಲ್ಲಿ ಮಾತ್ರ ಈ ತಾರತಮ್ಯವೇಕೆ?

ಎಲ್ಲ ಜೀವಿಗಳಲ್ಲಿಯೂ ಹೀಗಿಲ್ಲ. ಕ್ಲಾಮಿಡೊಮೊನಾಸ್ ಎಂಬ ಏಕಕೋಶದ ಹಸುರು ಪಾಚಿಯ ಅನೇಕ ಪ್ರಭೇದಗಳಲ್ಲಿ ಕೂಡುವ ಲಿಂಗಾಣುಗಳೆರಡೂ ಒಂದೇ ಗಾತ್ರದವು. ಅಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ‘ಧನ’, ‘ಋಣ’ ಎಂಬ ಎರಡು ಬಣಗಳಿವೆ. (ಭೌತಶಾಸ್ತ್ರದವರಾದ ನಮಗೆ ಈ ಹೆಸರುಗಳು ಪ್ರಿಯವೇ ಸರಿ, ಆದರೆ ವಿದ್ಯುತ್ತಿಗೂ ಇದಕ್ಕೂ ಸಂಬಂಧವಿಲ್ಲ.)

ಸಮಗಾತ್ರದಿಂದ ಅಸಮಗಾತ್ರವು ಹೇಗೆ ಬಂದಿತೆಂಬುದಕ್ಕೆ 1972ರಲ್ಲಿ ಪಾರ್ಕರ್, ಬೇಕರ್ ಮತ್ತು ಸ್ಮಿತ್ ಎಂಬ ಮೂವರು ಒಂದು ಲೆಕ್ಕವನ್ನು ಮುಂದಿಟ್ಟರು. ಅದರ ತಿರುಳನ್ನು ನಮ್ಮದೇ ಅಂಕಿಗಳಿಂದ ನೋಡೋಣ. ಪ್ರತಿಯೊಂದು ಜೀವಿಗೂ ಲಿಂಗಾಣುಗಳಿಗಾಗಿ ವ್ಯಯಿಸಲು 1000 ಪಾಲು ದ್ರವ್ಯವಿದೆಯೆನ್ನಿ. ಎಲ್ಲವೂ ತಲಾ 100 ಪಾಲಿನ 10 ಲಿಂಗಾಣುಗಳನ್ನು ಮಾಡುತ್ತಿವೆ. ಎರಡು ಕೂಡಿ ಆಗುವ ಯುಗ್ಮಜಕ್ಕೆ, ಎಂದರೆ ಹೊಸ ಜೀವದ ಮೊದಲ ಕೋಶಕ್ಕೆ, 200 ಪಾಲಿನ ಬುತ್ತಿ. ಈಗ ಒಂದು ಜೀವಿ ತಲಾ 10 ಪಾಲಿನ 100 ಲಿಂಗಾಣುಗಳನ್ನು ಮಾಡಿತೆನ್ನೋಣ. ಅವು ಮಿಕ್ಕವುಗಳೊಡನೆ ಕೂಡಿದಾಗ ಬುತ್ತಿಯು 110ಕ್ಕೆ ಇಳಿಯುತ್ತದೆ. ಯುಗ್ಮಜವು ಬದುಕುಳಿಯುವ ಸಂಭವವೂ ಇಳಿಯುತ್ತದೆ. ಆದರೆ ಆ ಸಂಭವವು ಹತ್ತನೆಯ ಒಂದು ಪಾಲಿಗೆ ಕುಸಿಯದಿರುವ ತನಕ, ಹತ್ತು ಪಟ್ಟು ಸಂಖ್ಯೆಯುಳ್ಳ ಈ ಮಿತವ್ಯಯಿಗೇ ಲಾಭ. ಅದರ ಸಂತತಿ ಹಬ್ಬುತ್ತದೆ. ಹಬ್ಬಿದಂತೆಲ್ಲ ಕಿರಿದು ಕಿರಿದನ್ನೇ ಸಂಧಿಸತೊಡಗುತ್ತದೆ. 20 ಪಾಲಿನ ಯುಗ್ಮಜ ಬಾಳುವುದು ದುಸ್ತರ. ಆಗ ಬುತ್ತಿಯನ್ನು ಇನ್ನಷ್ಟು ಕಟ್ಟಿಕೊಂಡ ದೊಡ್ಡ ಲಿಂಗಾಣುವಿಗೆ ಬೆಲೆ ಬರುತ್ತದೆ. ನಡುಗಾತ್ರದ್ದು ಸಂಖ್ಯೆಯಲ್ಲಿ ಕಿರಿದಕ್ಕೂ ಬುತ್ತಿಯಲ್ಲಿ ಹಿರಿದಕ್ಕೂ ಸೋತು ಮರೆಯಾಗುತ್ತದೆ.

ಇದನ್ನು ಗಂಡಿನ ವಂಚನೆಯೆಂದು ಬಣ್ಣಿಸುವವರುಂಟು. ನಮಗೆ ಆ ಮಾತು ಒಪ್ಪಿಗೆಯಿಲ್ಲ, ಕೋಶಗಳಿಗೆ ದುರುದ್ದೇಶವೆಲ್ಲಿಯದು?

ಲೆಕ್ಕಕ್ಕೆ ಒಂದು ನಿಬಂಧನೆಯಿದೆ. ಯುಗ್ಮಜದ ಅಳಿವು ಉಳಿವು ಬುತ್ತಿಯನ್ನು ಬಲವಾಗಿ ಅವಲಂಬಿಸಿರಬೇಕು. ಏಕಕೋಶಜೀವಿಗೆ ಅಲ್ಪವೇ ಸಾಕಾದೀತು. ಬಹುಕೋಶಗಳ ದೇಹವನ್ನು ಕಟ್ಟಬೇಕಾದದ್ದಕ್ಕೆ ಸಾಲದು. ಕ್ಲಾಮಿಡೊಮೊನಾಸಿನ ದಾಯಾದಿಯಾದ ವಾಲ್ವಾಕ್ಸ್ ಎಂಬುದು ಸಾವಿರಾರು ಕೋಶಗಳ ಹಸುರು ಗೋಳ. ಅದರಲ್ಲಿ ಅಂಡಾಣು ವೀರ್ಯಾಣುಗಳು ಸ್ಪಷ್ಟವಾಗಿ ಬೇರೆ ಬೇರೆ. ಕ್ಲಾಮಿಡೊಮೊನಾಸಿನಲ್ಲಿ ‘ಋಣ’ ಬಣವನ್ನು ನಿರ್ಧರಿಸುವ ಮಿಡ್ ಎಂಬ ಜೀನು ಗಂಡು ವಾಲ್ವಾಕ್ಸಿನಲ್ಲಿಯೂ ಉಂಟು. ಅದನ್ನು ಹೆಣ್ಣು ವಾಲ್ವಾಕ್ಸಿಗೆ ಸೇರಿಸಿ ಕೆಲಸಕ್ಕೆ ಹಚ್ಚಿದ ಪ್ರಯೋಗವೊಂದು 2014ರಲ್ಲಿ ಪ್ರಕಟವಾಯಿತು. ಅಂಡಾಣುಗಳಾಗಬೇಕಿದ್ದ ಕೋಶಗಳು ಒಡೆದೊಡೆದು ವೀರ್ಯಾಣುಗಳಾದುವು.